ಹಳ್ಳದ ಮೇಲೆ ಚಪ್ಪಡಿ ಎಳೆಯುವ ಮುನ್ನ

ಪಾರ್ಕು ಯಾರಿಗಾಗಿ ಎಂದು ಕೇಳಿದರೆ ಎಲ್ಲರೂ ‘ಸಾರ್ವಜನಿಕರಿಗಾಗಿ’ ಎನ್ನುತ್ತಾರೆ. ಆ ಸಾರ್ವಜನಿಕರ ಪೈಕಿ ನಾವು ಹೆಂಗಸರು ಇದ್ದೇವೆಯೇ ಎಂಬುದು ನನ್ನ ತಕರಾರು.

ನಮ್ಮೂರ ಪಾರ್ಕನ್ನು ಹೊಸದಾಗಿ ಕಟ್ಟುತ್ತಾರಂತೆ. ಹೋಗಿ ನಕ್ಷೆ ನೋಡಿ ಬಂದೆ. ಕೆರೆಕೋಡಿಯಿಂದ ಇಳಿದು ಪಾರ್ಕಿನ ನಡುವೆ ಹರಿಯುವ ಹಳ್ಳದ ಮೇಲೆ ಕಾಂಕ್ರೀಟು ಚಪ್ಪಡಿ, ಅದರ ಮೇಲೆ ದೊಡ್ಡ ರಂಗಮಂದಿರ, ಎದುರಿಗೆ ಬಣ್ಣದ ಕಾರಂಜಿ, ಸುತ್ತ ಆಳೆತ್ತರದ ಕಾಂಪೌಂಡು, ಗೇಟಿನಲ್ಲಿ ಟಿಕೆಟ್ಟು. ಇರುವ ನೀರನ್ನು ಮುಚ್ಚಿ, ಇಲ್ಲದ ನೀರನ್ನು ಚಿಮ್ಮಿಸುವ ಈ ಜಾಣತನಕ್ಕೆ ಏನೆನ್ನೋಣ?

ಹಳ್ಳ ನಾರುತ್ತದೆ, ಅದಕ್ಕೇ ಮುಚ್ಚುತ್ತೇವೆ ಎನ್ನುವುದು ಅವರ ವಾದ. ನಾರುವುದೇನೋ ನಿಜ. ಆದರೆ ಹಳ್ಳ ತಾನಾಗಿ ನಾರುವುದಿಲ್ಲ. ಊರಿನ ಬಚ್ಚಲು, ಕಕ್ಕಸು, ಹೋಟೆಲುಗಳ ನೀರನ್ನೆಲ್ಲ ಅದಕ್ಕೆ ತಿರುಗಿಸಿದ್ದರಿಂದ ನಾರುತ್ತದೆ. ಬಚ್ಚಲ ಮೋರಿ ಕಟ್ಟಿಕೊಂಡರೆ ನಾವು ಅದರ ಮೇಲೆ ಮಣೆ ಹಾಕಿ ಕೂರುತ್ತೇವೆಯೇ? ಕಡ್ಡಿ ಹಾಕಿ ಕಸ ತೆಗೆಯುತ್ತೇವೆ. ಮುಚ್ಚಿದ ಹಳ್ಳದಲ್ಲಿ ತುಂಬಿದ ಹೂಳು ಯಾರ ಕಣ್ಣಿಗೂ ಬೀಳದು, ತೆಗೆಯುವುದೂ ಕಷ್ಟ. ಜೋರು ಮಳೆ ಬಂದಾಗ ದಾರಿ ಸಿಗದ ನೀರು ತಗ್ಗಿನ ಮನೆಗಳಿಗೆ ನುಗ್ಗುತ್ತದೆ. ಆಗ ಕೆಸರು ಬಳಿಯುವವರು, ಹಾಸಿಗೆ ಒಣಗಿಸುವವರು ಯಾರು? ನಕ್ಷೆ ಬರೆದವರಂತೂ ಅಲ್ಲ.

ದಕ್ಷಿಣ ಕೊರಿಯಾದ ಸೋಲ್ ನಗರದವರು ಈ ಕೆಲಸ ಮಾಡಿ ನೋಡಿದ್ದಾರೆ. ಊರ ನಡುವಿನ ಚೊಂಗ್ಯೆಚೊನ್ ತೊರೆ ಕೊಳಚೆಯಾಯಿತೆಂದು 1958ರಿಂದ ಅದನ್ನು ಮುಚ್ಚುತ್ತ ಬಂದರು. ಆಮೇಲೆ ಅದರ ಮೇಲೊಂದು ಎತ್ತರದ ಹೆದ್ದಾರಿಯನ್ನೂ ಕಟ್ಟಿದರು. 2003ರಲ್ಲಿ ಅದನ್ನೆಲ್ಲ ಒಡೆಯಲು ಶುರುಮಾಡಿ, 2005ರಲ್ಲಿ ಸುಮಾರು 5.8 ಕಿಲೋಮೀಟರು ಉದ್ದದ ತೊರೆಯನ್ನು ಮತ್ತೆ ಬೆಳಕಿಗೆ ತಂದರು. ಈಗ ಜನ ಅದರ ದಂಡೆಯಲ್ಲಿ ಅಡ್ಡಾಡುತ್ತಾರೆ. ಆದರೆ ಅಲ್ಲಿ ಹರಿಯುವ ಹೆಚ್ಚಿನ ನೀರನ್ನು ಹಾನ್ ನದಿಯಿಂದ ಪಂಪು ಮಾಡಿ ತರಬೇಕು. ಸತ್ತ ತೊರೆಯನ್ನು ಬದುಕಿಸುವುದು ಅಷ್ಟು ದುಬಾರಿ. ಬೆಂಗಳೂರಿನಲ್ಲೂ ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿನತ್ತ ಹೋಗುವ ಕೆ-100 ರಾಜಕಾಲುವೆಯನ್ನು ಸರಿಪಡಿಸಲು ಹೊರಟವರು ಕೊಳಚೆಯನ್ನು ಬೇರೆ ಮಾಡಲೆಂದೇ ಹೆಣಗಬೇಕಾಯಿತು. ನಮ್ಮ ಹಳ್ಳವಾದರೋ ಇನ್ನೂ ಹರಿಯುತ್ತಿದೆ. ಬದುಕಿರುವಾಗಲೇ ಅದನ್ನು ಹೂಳುವ ಅವಸರವೇಕೆ?

ರಂಗಮಂದಿರ ಬೇಡವೆಂದು ನಾನು ಹೇಳುತ್ತಿಲ್ಲ. ಖಂಡಿತ ಬೇಕು. ಎಂಥದ್ದು ಎಂಬುದಷ್ಟೇ ಪ್ರಶ್ನೆ. ಬೆಂಗಳೂರಿನಲ್ಲಿ 1870ರಲ್ಲಿ ಶುರುವಾದ ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡ್ ನೋಡಿ: ಎಂಟು ಮೂಲೆಯ ಪುಟ್ಟ ಕಬ್ಬಿಣದ ಮಂಟಪ, ಗೋಡೆಯೇ ಇಲ್ಲ. ಹುಲ್ಲಿನ ಮೇಲೆ ಕೂತವರೂ ದಾರಿಹೋಕರೂ ಹಾಡು ಕೇಳಬಹುದು. ನಮ್ಮಲ್ಲೂ ಎತ್ತರದ ದಂಡೆಯಲ್ಲಿ ಇಂಥದೊಂದು ಸಣ್ಣ ಕಟ್ಟೆ ಸಾಕು. ಹಳ್ಳದ ಕಡೆಗೆ ಇಳಿಯುವ ಮೆಟ್ಟಿಲುಗಳೇ ಪ್ರೇಕ್ಷಕರ ಜಾಗ. ಮಳೆಗಾಲದಲ್ಲಿ ಅದೇ ತಗ್ಗು ನೀರಿಗೆ ಬಿಟ್ಟ ಜಾಗ. ನೆರಳಿಗೆ ಹೊಂಗೆ, ನೇರಳೆ ಇದ್ದೇ ಇವೆ.

ಈಗಿನ ಸ್ಟೇಜಿನಲ್ಲಿ ರಾಜ್ಯೋತ್ಸವದ ದಿನ ನಮ್ಮ ಹೆಣ್ಣುಮಕ್ಕಳು ಟಾರ್ಪಾಲಿನ ಮರೆಯಲ್ಲಿ ವೇಷ ಬದಲಾಯಿಸುತ್ತಾರೆ. ಹೊಸ ನಕ್ಷೆಯಲ್ಲಿ ಗಣ್ಯರಿಗೆ ಮೆತ್ತನೆಯ ಕುರ್ಚಿಯ ಸಾಲಿದೆ. ಹೆಂಗಸರಿಗೆ ಒಂದು ಶೌಚಾಲಯವಿಲ್ಲ! ಮೊಳಕಾಲು ನೋವಿನ ಅತ್ತೆಯನ್ನೋ ಕಂಕುಳ ಕೂಸನ್ನೋ ಕರೆದುಕೊಂಡು ಬಂದವಳು ಎಷ್ಟು ಹೊತ್ತು ಕೂತಾಳು? ಗಂಡಸು ಪಾರ್ಕಿನಲ್ಲಿ ಸುಮ್ಮನೆ ಕೂತರೆ ಅದು ವಿಶ್ರಾಂತಿ. ಹೆಂಗಸು ಕೂತರೆ ‘ಯಾರಿಗೆ ಕಾಯುತ್ತಿದ್ದಾಳೋ’ ಎಂಬ ನೋಟ. ಆ ನೋಟವನ್ನು ಆಳೆತ್ತರದ ಗೋಡೆ ತಡೆಯುವುದಿಲ್ಲ, ಇನ್ನಷ್ಟು ಧೈರ್ಯ ಕೊಡುತ್ತದೆ. ರಸ್ತೆಯಿಂದ ಒಳಗು ಕಾಣುವ ತಂತಿಬೇಲಿ, ದಾರಿಯುದ್ದಕ್ಕೂ ದೀಪ, ನಾಲ್ಕು ಜನರ ಓಡಾಟ, ನಮಗೆ ರಕ್ಷಣೆ ಎಂದರೆ ಇವೇ. ಟಿಕೆಟ್ಟಿಟ್ಟರೆ ಮೊದಲು ಹೊರಗುಳಿಯುವವಳು ಕೈಯಲ್ಲಿ ಸ್ವಂತದ ಹತ್ತು ರೂಪಾಯಿ ಇಲ್ಲದವಳು.

ಪಾರ್ಕು ಪಾರ್ಕಾಗಿಯೇ ಉಳಿಯಬೇಕೆಂದು 1985ರಲ್ಲೇ ನಮ್ಮ ರಾಜ್ಯ ಕಾನೂನು ಮಾಡಿದೆ. ಊರಾಡಳಿತದಲ್ಲಿ ಹೆಂಗಸರಿಗೆ ಕನಿಷ್ಠ ಮೂರನೇ ಒಂದು ಪಾಲು ಇರಬೇಕೆಂದು 1992ರ ಸಂವಿಧಾನ ತಿದ್ದುಪಡಿ ಹೇಳಿದೆ. ಕುರ್ಚಿಯೇನೋ ಬಂತು, ಆ ಕುರ್ಚಿಯಲ್ಲಿ ಕೂತ ನಮ್ಮ ಸದಸ್ಯೆಯರ ಬಾಯಿಂದ ಈ ಪ್ರಶ್ನೆಗಳು ಹೊರಡಬೇಕಾದರೆ ಬೆನ್ನಿಗೆ ನಾವಿರಬೇಕು.

ಗೆಳತಿಯರೇ, ನಿಮ್ಮೂರಿಗೂ ಇಂಥದೊಂದು ನಕ್ಷೆ ಇಂದಲ್ಲ ನಾಳೆ ಬಂದೀತು. ಬಣ್ಣದ ಚಿತ್ರ ನೋಡಿ ಮರುಳಾಗಬೇಡಿ. ಕೊಳಚೆ ಎಲ್ಲಿಗೆ ಹೋಗುತ್ತದೆ? ಹೆಂಗಸರ ಶೌಚಾಲಯ ಎಲ್ಲಿದೆ? ದುಡ್ಡಿಲ್ಲದವಳು ಒಳಗೆ ಬರಬಹುದೇ? ಈ ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಕೇಳಿ. ಒಬ್ಬರೇ ಹೋದರೆ ‘ಆಮೇಲೆ ಬನ್ನಿ ಅಮ್ಮಾ’ ಎಂದಾರು. ಹತ್ತು ಜನ ಹೋಗಿ.