ನೆಲ ಟ್ರಸ್ಟಿನದು, ಮನೆ ನಿಮ್ಮದು: ಸೌಕಾರ್‌ಪೇಟೆಗೆ ಒಗ್ಗೀತೇ?

ಪರ

ಚೆನ್ನೈನ ಸೌಕಾರ್‌ಪೇಟೆಯಲ್ಲಿ ಮನೆಯ ಬೆಲೆಯನ್ನು ಇಟ್ಟಿಗೆ-ಸಿಮೆಂಟಿಗಿಂತ ಹೆಚ್ಚಾಗಿ ಏರಿಸುವುದು ನೆಲ. ಮಿಂಟ್ ಸ್ಟ್ರೀಟಿನ ಆಸುಪಾಸಿನಲ್ಲಿ ಸಗಟು ಮಳಿಗೆಯವನು ಕೊಡುವ ಬಾಡಿಗೆಯನ್ನು ಅದೇ ಮಳಿಗೆಗೆ ಮೂಟೆ ಹೊರುವ ಹಮಾಲ ಕೊಡಲಾರ. 2019ರಲ್ಲಿ ಪಕ್ಕದ ಮಣ್ಣಡಿಗೆ ಮೆಟ್ರೋ ಬಂದ ಮೇಲಂತೂ ಪೈಪೋಟಿ ಸಡಿಲವಾಗುವ ಮಾತೇ ಇಲ್ಲ. ನಗರದ ಒಳಗಿಂದ ಎತ್ತಂಗಡಿಯಾದ ಬಡವರಿಗೆ ಸರ್ಕಾರ ತೋರಿಸಿದ ಕಣ್ಣಗಿ ನಗರ, ಸೆಮ್ಮಂಜೇರಿ, ಪೆರುಂಬಾಕ್ಕಂಗಳು ಇಲ್ಲಿಂದ 20 ಕಿ.ಮೀ. ಆಸುಪಾಸಿನಲ್ಲೋ ಅದಕ್ಕೂ ಆಚೆಯೋ ಇವೆ. ಮನೆ ಸಿಕ್ಕಿತು, ಕೂಲಿ ದೂರವಾಯಿತು. ಸಮುದಾಯ ಭೂ ಟ್ರಸ್ಟ್ ಕೈಹಾಕುವುದು ನೆಲದ ಬೆಲೆ ಎಂಬ ಈ ಮೂಲಕ್ಕೇ. ಅದು ನೆಲವನ್ನು ಎಂದೂ ಮಾರದೆ ದೀರ್ಘ ಗುತ್ತಿಗೆಗೆ ಕೊಟ್ಟು, ಕಟ್ಟಡವನ್ನಷ್ಟೇ ಮಾರುತ್ತದೆ. ಅಮೆರಿಕದ ಬರ್ಲಿಂಗ್ಟನ್ನಿನಲ್ಲಿ 1984ರಲ್ಲಿ ಶುರುವಾದ ಟ್ರಸ್ಟಿನಲ್ಲಿ ಮನೆ ಬಿಡುವವರಿಗೆ ಕಟ್ಟಿದ ಹಣದೊಂದಿಗೆ ಏರಿದ ಬೆಲೆಯ ಕಾಲುಭಾಗ ಸಿಗುತ್ತದೆ. ಮಿಕ್ಕ ಲಾಭ ಮನೆಯಲ್ಲೇ ಉಳಿದು, ಮುಂದೆ ಬರುವವರಿಗೆ ಬೆಲೆ ಕೈಗೆಟುಕುವಂತಿರುತ್ತದೆ. ಇದನ್ನು ಪರದೇಶದ ಸರಕೆನ್ನುವವರು ನೆನೆಯಬೇಕಾದ್ದುಂಟು: 1969ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಹುಟ್ಟಿದ ಮೊದಲ ಟ್ರಸ್ಟಿಗೆ ಸ್ಫೂರ್ತಿಯಾದವುಗಳಲ್ಲಿ, ಹಳ್ಳಿಯ ನೆಲವನ್ನು ಇಡೀ ಊರಿನ ಒಡೆತನಕ್ಕೆ ಒಪ್ಪಿಸುವ ವಿನೋಬಾ ಭಾವೆಯವರ ಗ್ರಾಮದಾನವೂ ಒಂದು. ಆ ಗ್ರಾಮದಾನವನ್ನು ನೆಹರೂ ಮತ್ತು ಬೇರೆ ಬೇರೆ ಪಕ್ಷಗಳ ನಾಯಕರು ಕೂತು ಚರ್ಚಿಸಿದ್ದು 1957ರಲ್ಲಿ, ನಮ್ಮ ಮೈಸೂರಿನ ಪಕ್ಕದ ಇಲವಾಲದಲ್ಲಿ.

ಹಸಿರು ಕಟ್ಟಡದ ಲೆಕ್ಕವೂ ನೆಲ ಯಾರದೆಂಬುದರ ಮೇಲೆಯೇ ನಿಂತಿದೆ. ಮಾರಿ ಹೋಗುವ ಬಿಲ್ಡರಿಗೆ ಮುಂದಿನ ಕರೆಂಟ್ ಬಿಲ್ಲಿನ ಚಿಂತೆಯಿಲ್ಲ. ತಲೆಮಾರುಗಟ್ಟಲೆ ನೆಲ ಹಿಡಿದಿರುವ ಟ್ರಸ್ಟಿಗೆ ಇದೆ. ತಮಿಳುನಾಡಿನಲ್ಲಿ ಮಳೆನೀರು ಕೊಯ್ಲು ಕಡ್ಡಾಯವಾದದ್ದು 2003ರಲ್ಲಿ. ಆದರೆ ಕೊಯ್ಲಿನ ಗುಂಡಿಯ ಹೂಳನ್ನು ವರ್ಷವರ್ಷವೂ ತೆಗೆಸುವವರು ಯಾರು ಎಂಬುದೇ ಅಪಾರ್ಟ್‌ಮೆಂಟುಗಳ ತೀರದ ಜಗಳ; ಟ್ರಸ್ಟಿದ್ದರೆ ಆ ಹೊಣೆ ಅದರದೇ.

ವಿರೋಧ

ಮೊದಲ ಆಕ್ಷೇಪ ನೇರವಾಗಿದೆ: ನೆಲ ಎಲ್ಲಿಂದ? ಸೌಕಾರ್‌ಪೇಟೆಯಲ್ಲಿ ಕೊಂಡು ಕೊಡುವಷ್ಟು ಹಣ ಯಾವ ಟ್ರಸ್ಟಿಗೂ ಇರಲಾರದು. ದೇವಸ್ಥಾನಗಳ ನೆಲದತ್ತ ಕಣ್ಣುಹಾಯಿಸೋಣವೆಂದರೆ, ತಮಿಳುನಾಡಿನ 1959ರ ಧಾರ್ಮಿಕ ದತ್ತಿ ಕಾಯ್ದೆಯಂತೆ ಐದು ವರ್ಷ ಮೀರಿದ ಗುತ್ತಿಗೆಗೆ ಆಯುಕ್ತರ ಒಪ್ಪಿಗೆ ಬೇಕು, ಅದೂ ದೇವಸ್ಥಾನಕ್ಕೆ ಅಗತ್ಯವೋ ಲಾಭವೋ ಇದ್ದರೆ. ಬಾಡಿಗೆ ನಿಗದಿಗೆ ಮಾರುಕಟ್ಟೆ ದರವನ್ನೂ ನೋಡಬೇಕು. ದೇವರ ಆಸ್ತಿಯನ್ನು ಬಡವರ ಹೆಸರಿನಲ್ಲಿ ಅಗ್ಗಕ್ಕೆ ಕೊಡಲಾಗದು ಎಂಬ ಈ ನಿಲುವಿನಲ್ಲಿ ನ್ಯಾಯವಿದೆ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಟ್ರಸ್ಟಿನ ಕುರ್ಚಿಯಲ್ಲಿ ಕೂರುವವರು ಯಾರು? ಬೆಂಗಳೂರಿನ ಗೃಹ ನಿರ್ಮಾಣ ಸಹಕಾರ ಸಂಘಗಳ ಕಥೆ ಕನ್ನಡಿಗರಿಗೆ ಹೊಸದಲ್ಲ. ಮಧ್ಯವರ್ತಿಗಳ ಕೈವಾಡ ಕಂಡು 1995ರಲ್ಲಿ ಸುಪ್ರೀಂ ಕೋರ್ಟ್ ಅಂಥದೊಂದು ಸಂಘಕ್ಕಾಗಿ ನಡೆದ ಭೂಸ್ವಾಧೀನದ ರದ್ದತಿಯನ್ನೇ ಎತ್ತಿಹಿಡಿಯಿತು. ಚೆನ್ನೈನಿಂದ ಸುಮಾರು 150 ಕಿ.ಮೀ. ದೂರದ ಆರೋವಿಲ್‌ನಲ್ಲಿ ನೆಲವೂ ಮನೆಯೂ ಯಾರ ಸ್ವಂತದ್ದೂ ಅಲ್ಲ, ಮಣ್ಣಿಟ್ಟಿಗೆಯ ಕಟ್ಟಡಗಳಿಗೆ ಅದು ಹೆಸರುವಾಸಿ. ಆದರೂ 1988ರ ಕಾಯ್ದೆಯಡಿ ಆಡಳಿತ ಮಂಡಳಿಯನ್ನು ನೇಮಿಸುವುದು ಕೇಂದ್ರ ಸರ್ಕಾರ. ರಸ್ತೆಗಾಗಿ 2021ರಲ್ಲಿ ಮರಗಳು ಉರುಳಿದಾಗ ನಿವಾಸಿಗಳ ಕಡೆಯವರು ಹಸಿರು ನ್ಯಾಯಮಂಡಳಿಗೆ ಹೋದರು. ಅಲ್ಲಿ ಸಿಕ್ಕ ಆದೇಶ 2025ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಎಲ್ಲರದೂ ಆದ ನೆಲದಲ್ಲಿ ಕೊನೆಯ ಮಾತು ನಿವಾಸಿಯದಾಗಲಿಲ್ಲ.

ಇಷ್ಟಾದರೂ ನನ್ನ ಮತ ಪರಕ್ಕೇ, ಆದರೆ ಒಂದು ಗಡಿಯೊಳಗೆ. ಬಡವನ ಆಸ್ತಿ ಬೆಳೆಯದಂತೆ ಟ್ರಸ್ಟ್ ಅಡ್ಡಗಾಲು ಹಾಕುತ್ತದೆ ಎಂಬ ಇನ್ನೊಂದು ಆಕ್ಷೇಪಕ್ಕೆ ಬರ್ಲಿಂಗ್ಟನ್ನಿನ ಕಾಲುಪಾಲೇ ಉತ್ತರ. ಊರಾಚೆ ಎಸೆಯಲ್ಪಟ್ಟವನಿಗೆ ಆ ಕಾಲೂ ಇಲ್ಲ. ನೆಲ ಒಬ್ಬರದು, ಮನೆ ಇನ್ನೊಬ್ಬರದು ಎಂಬುದು ಈ ನಗರಕ್ಕೆ ಅಪರಿಚಿತವೂ ಅಲ್ಲ. ಬಾಡಿಗೆಯ ನೆಲದಲ್ಲಿ ಸ್ವಂತ ಕಟ್ಟಡ ಕಟ್ಟಿಕೊಂಡವರಿಗೆ ಮದರಾಸಿನ 1921ರ ಕಾಯ್ದೆಯೇ ರಕ್ಷಣೆ ಕೊಟ್ಟಿತ್ತು. ಅದು ನ್ಯಾಯಾಲಯದ ಮೂಲಕ ನೆಲವನ್ನೇ ಕೊಳ್ಳುವ ದಾರಿಯನ್ನೂ ತೆರೆದಿತ್ತೆಂಬುದು ಬೇರೆ ಮಾತು. ಹೊಸ ಗುತ್ತಿಗೆಗೆ ಆ ಬಾಗಿಲು ಇರಬಾರದು. ನೆಲವನ್ನು ಪೇಟೆಯಲ್ಲಿ ಕೊಳ್ಳುವ ಹುಚ್ಚಿಗೆ ಹೋಗದೆ, 1970ರಲ್ಲಿ ಹುಟ್ಟಿದ ಕೊಳಚೆ ನಿರ್ಮೂಲನಾ ಮಂಡಳಿ, ಅಂದರೆ ಇಂದಿನ ನಗರ ವಾಸಸ್ಥಳ ಅಭಿವೃದ್ಧಿ ಮಂಡಳಿ, ಉತ್ತರ ಚೆನ್ನೈನಲ್ಲಿ ಕೆಡವಿ ಕಟ್ಟಬೇಕಿರುವ ಹಳೆಯ ಬ್ಲಾಕುಗಳಿಂದ ಆರಂಭಿಸಬೇಕು. ಅಲ್ಲಿ ನೆಲ ಈಗಾಗಲೇ ಸಾರ್ವಜನಿಕರದು. 2021ರ ಡಿಸೆಂಬರಿನಲ್ಲಿ ತಿರುವೊಟ್ಟಿಯೂರಿನಲ್ಲಿ ಅಂಥ ಒಂದು ವಸತಿ ಬ್ಲಾಕ್ ಕುಸಿದದ್ದನ್ನು ನೋಡಿದರೆ ನಿರ್ವಹಣೆಗೆ ಖಾಯಂ ಹೊಣೆಗಾರ ಬೇಕೆಂಬುದರಲ್ಲಿ ವಾದವಿಲ್ಲ. ಟ್ರಸ್ಟಿನ ಮೂರನೇ ಒಂದು ಪಾಲು ಸ್ಥಾನ ಮನೆಯವರಿಗೆ, ಇನ್ನೊಂದು ಸುತ್ತಲಿನವರಿಗೆ, ಮತ್ತೊಂದು ಸಾರ್ವಜನಿಕ ಪ್ರತಿನಿಧಿಗಳಿಗೆ ಮೀಸಲಾಗಲಿ. ಹೊಸ ಮನೆಗಳಿಗೆ ಕ್ರಯಪತ್ರ ಬರೆದುಕೊಡುವ ಮುನ್ನ ತಮಿಳುನಾಡು ಸರ್ಕಾರ ಒಂದೇ ಒಂದು ಬ್ಲಾಕನ್ನಾದರೂ ಈ ಪ್ರಯೋಗಕ್ಕೆ ಬಿಟ್ಟುಕೊಡಲಿ.