ಪುಣೆಯ ಇಬ್ಬರು ಹುಡುಗರು: ಒಬ್ಬನಿಗೆ 15 ಗಂಟೆ, ಇನ್ನೊಬ್ಬನಿಗೆ 28 ವರ್ಷ

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ಪೋರ್ಷೆ ಕಾರೊಂದು ಬೈಕಿಗೆ ಗುದ್ದಿತು. ಬೈಕಿನಲ್ಲಿದ್ದ ಇಬ್ಬರೂ ಸತ್ತರು. ಇಬ್ಬರಿಗೂ 24 ವರ್ಷ, ಇಬ್ಬರೂ ಮಧ್ಯಪ್ರದೇಶದವರು, ಇಬ್ಬರೂ ಸಾಫ್ಟ್‌ವೇರ್ ಇಂಜಿನಿಯರುಗಳು. ಕಾರು ಓಡಿಸುತ್ತಿದ್ದದ್ದು ಬಿಲ್ಡರ್ ಒಬ್ಬರ 17 ವರ್ಷದ ಮಗ, ಕುಡಿದಿದ್ದ ಅನ್ನುವುದು ಪೊಲೀಸರ ಆರೋಪ. ಕೋಟಿಗಟ್ಟಲೆ ಬೆಲೆಯ ಆ ಕಾರಿನ ನೋಂದಣಿ ಬಾಕಿ ಉಳಿದಿತ್ತು, 1,758 ರೂಪಾಯಿ ಶುಲ್ಕ ಕಟ್ಟದ ಕಾರಣಕ್ಕೆ. ಹುಡುಗನಿಗೆ ಸುಮಾರು 15 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯಿಂದ ಜಾಮೀನು ಸಿಕ್ಕಿತು. ಷರತ್ತುಗಳಲ್ಲಿ ಒಂದು, ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕು ಅನ್ನುವುದು.

ಇದನ್ನು ಓದಿ ದೇಶಕ್ಕೇ ಮೈ ಉರಿಯಿತು. ನನಗೂ ಉರಿಯಿತು. ನಾನೂ ಇಂಜಿನಿಯರಿಂಗ್ ಮುಗಿಸಿ, ಊರು ಬಿಟ್ಟು ಬಂದು, ತಡರಾತ್ರಿ ಗೆಳೆಯನ ಬೈಕಿನ ಹಿಂದೆ ಕೂತು ರೂಮಿಗೆ ವಾಪಸಾದವನು. ಆ ಜಾಗದಲ್ಲಿ ನಾನಿರಬಹುದಿತ್ತು ಅಂತ ಅನಿಸಿದವರಲ್ಲಿ ನಾನೂ ಒಬ್ಬ. ಅಪ್ರಾಪ್ತರ ಅಪರಾಧದ ಸುದ್ದಿ ಬಂದಾಗಲೆಲ್ಲ ಏಳುವ ಕೂಗು ಆಗಲೂ ಎದ್ದಿತು: ವಯಸ್ಸಿನ ಮಿತಿ ಇಳಿಸಿ, ದೊಡ್ಡವರ ಹಾಗೆ ವಿಚಾರಣೆ ನಡೆಸಿ, ಜೈಲಿಗೆ ಹಾಕಿ.

ಸಿಟ್ಟಿನಲ್ಲಿ ತಪ್ಪಿಲ್ಲ. ಆದರೆ ಆ ಸಿಟ್ಟಿನಿಂದ ಬಿಗಿಯಾಗುವ ಕಾನೂನಿಗೆ ಸಿಕ್ಕಿಬೀಳುವವರು ಯಾರು ಅಂತ ಒಮ್ಮೆ ಲೆಕ್ಕ ಹಾಕಬೇಕು. ಯಾಕೆಂದರೆ ಕಾನೂನನ್ನು ಒಮ್ಮೆ ಬಿಗಿ ಮಾಡಿ ನೋಡಿದ್ದೇವೆ. ಅದರ ಫಲಿತಾಂಶ ನಮ್ಮ ಮುಂದಿದೆ.

ಏಳು ವರ್ಷದ ಅಳತೆಗೋಲು

2012ರ ಡಿಸೆಂಬರ್ 16ರ ದೆಹಲಿ ಅತ್ಯಾಚಾರ ಪ್ರಕರಣದ ಆರು ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಲು ಕೆಲವೇ ತಿಂಗಳು ಬಾಕಿ ಇತ್ತು. ಕಾನೂನಿನಲ್ಲಿದ್ದ ಗರಿಷ್ಠ ಅವಧಿಯಾದ ಮೂರು ವರ್ಷವನ್ನು ವಿಶೇಷ ಗೃಹದಲ್ಲಿ ಕಳೆಯಬೇಕೆಂದು ಅವನಿಗೆ ಆದೇಶವಾಯಿತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರ ಜನವರಿಯಲ್ಲೇ ವಯಸ್ಸು ಇಳಿಸುವುದು ಬೇಡ ಅಂದಿತ್ತು. ಅದೇ ವರ್ಷ ಸುಪ್ರೀಂ ಕೋರ್ಟ್ ಕೂಡ ಇಳಿಸಲು ಒಪ್ಪಲಿಲ್ಲ. ಆದರೆ ಆ ಹುಡುಗ ಹೊರಬಂದದ್ದು 2015ರ ಡಿಸೆಂಬರ್ 20ಕ್ಕೆ. ಎರಡೇ ದಿನದಲ್ಲಿ, ಡಿಸೆಂಬರ್ 22ರಂದು, ರಾಜ್ಯಸಭೆ ಹೊಸ ಬಾಲ ನ್ಯಾಯ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. 16ರಿಂದ 18 ವರ್ಷದವರು 'ಘೋರ ಅಪರಾಧ' ಮಾಡಿದರೆ, ಮಂಡಳಿಯ ಪ್ರಾಥಮಿಕ ಮೌಲ್ಯಮಾಪನದ ನಂತರ, ವಯಸ್ಕರಂತೆ ವಿಚಾರಣೆ ನಡೆಸಬಹುದು ಅನ್ನುವ ನಿಯಮ ಬಂದದ್ದು ಹೀಗೆ.

ಈ 'ಘೋರ' ಅಂದರೆ ಏನು? ಇಂಜಿನಿಯರಿಂಗ್ ಓದಿದವನಿಗೆ ಆ ವ್ಯಾಖ್ಯಾನ ಒಂದು ಸಾಲಿನ ಕೋಡ್ ಥರ ಕಾಣುತ್ತೆ: ಯಾವ ಅಪರಾಧಕ್ಕೆ ಕನಿಷ್ಠ ಶಿಕ್ಷೆ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿದೆಯೋ ಅದು ಘೋರ. ಎಷ್ಟು ಜನ ಸತ್ತರು, ಯಾರ ಬದುಕು ಹಾಳಾಯಿತು ಅನ್ನುವುದು ಈ ಸಾಲಿನಲ್ಲಿ ಬರುವುದೇ ಇಲ್ಲ. ದಂಡ ಸಂಹಿತೆಯಲ್ಲಿ ಆ ಅಪರಾಧದ ಎದುರು ಬರೆದಿರುವ ಕನಿಷ್ಠ ಸಂಖ್ಯೆ ಎಷ್ಟು, ಅಷ್ಟೇ ಲೆಕ್ಕ.

ಇನ್ನು ಈ ಕೋಡ್ ಓಡಿಸಿ ನೋಡೋಣ. ಹೊಸ ಕಾನೂನು ಬಂದ ಕೆಲವೇ ತಿಂಗಳಲ್ಲಿ, 2016ರ ಏಪ್ರಿಲ್‌ನಲ್ಲಿ, ದೆಹಲಿಯಲ್ಲಿ ಹದಿನೆಂಟಕ್ಕೆ ಕೆಲವೇ ದಿನ ಬಾಕಿ ಇದ್ದ ಹುಡುಗನೊಬ್ಬ ಮರ್ಸಿಡಿಸ್ ಓಡಿಸಿ 32 ವರ್ಷದ ವ್ಯಕ್ತಿಯನ್ನು ಕೊಂದ ಆರೋಪ ಬಂತು. ವಯಸ್ಕನಂತೆ ವಿಚಾರಣೆ ಮಾಡಿ ಅಂತ ಮಂಡಳಿ ಹೇಳಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಕೊಲೆಯಲ್ಲದ ನರಹತ್ಯೆಗೆ ಗರಿಷ್ಠ ಶಿಕ್ಷೆ ಇದೆ, ಆದರೆ ಏಳು ವರ್ಷದ ಕನಿಷ್ಠ ಶಿಕ್ಷೆ ಇಲ್ಲ. ಹಾಗಾಗಿ ಅದು ಘೋರ ಅಲ್ಲ ಅಂತ 2020ರ ಜನವರಿಯಲ್ಲಿ ತೀರ್ಪು ಬಂತು. ಇದ್ದ ಕಾನೂನನ್ನು ಓದಿದರೆ ತೀರ್ಪು ಸರಿಯಾಗೇ ಇದೆ. ಪುಣೆ ಪ್ರಕರಣದಲ್ಲೂ ಪೊಲೀಸರು ಹಾಕಿದ್ದು ಇದೇ ನರಹತ್ಯೆಯ ಸೆಕ್ಷನ್. 2025ರ ಜುಲೈನಲ್ಲಿ, ವಯಸ್ಕನಂತೆ ವಿಚಾರಣೆ ಮಾಡಬೇಕೆಂಬ ಪೊಲೀಸರ ಕೋರಿಕೆಯನ್ನು ಮಂಡಳಿ ತಿರಸ್ಕರಿಸಿತು.

ಈಗ ಇನ್ನೊಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಹದಿನಾರು ದಾಟಿದ್ದಾನೆ, ಶಾಲೆ ಬಿಟ್ಟಿದ್ದಾನೆ, ರಾತ್ರಿ ಬಸ್ ಸ್ಟಾಪಿನಲ್ಲಿ ಒಬ್ಬರಿಗೆ ಚಾಕು ತೋರಿಸಿ ಮೊಬೈಲ್ ಕಿತ್ತುಕೊಂಡ. ಯಾರಿಗೂ ಗಾಯ ಆಗಿಲ್ಲ. ಸುಲಿಗೆ ವೇಳೆ ಮಾರಕಾಯುಧ ಬಳಸಿದರೆ ಕನಿಷ್ಠ ಏಳು ವರ್ಷ. ಚಾಕುವಿನಿಂದ ತಿವಿಯಬೇಕಿಲ್ಲ, ಹೆದರಿಸಲು ಹಿಡಿದು ತೋರಿಸಿದರೂ ಅದು 'ಬಳಕೆ'ಯೇ ಅಂತ ಸುಪ್ರೀಂ ಕೋರ್ಟ್ 1975ರಲ್ಲೇ ಹೇಳಿದೆ. ಅಲ್ಲಿಗೆ ಇವನದು ಘೋರ ಅಪರಾಧ. ಇವನು ವಯಸ್ಕನಂತೆ ವಿಚಾರಣೆಗೆ ಅರ್ಹ. ಕಾರು ಹತ್ತಿಸಿ ಇಬ್ಬರನ್ನು ಕೊಂದ ಆರೋಪ ಹೊತ್ತವನು ಅರ್ಹನಲ್ಲ.

ಪ್ರೀತಿಸಿ ಓಡಿಹೋಗುವ ಹದಿನೇಳರ ಹುಡುಗನೂ ಇದೇ ಬಲೆಯಲ್ಲಿದ್ದಾನೆ. ಪೋಕ್ಸೊ ಕಾಯ್ದೆಯಲ್ಲಿ 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆ ಹತ್ತು ವರ್ಷ. ಹುಡುಗಿಗೂ ಹದಿನೇಳೇ ಆಗಿರಲಿ, ಅವಳಿಗೆ ಒಪ್ಪಿಗೆಯೇ ಇರಲಿ, ಅವಳ ಅಪ್ಪ ಠಾಣೆಗೆ ಹೋದರೆ ಇವನ ಮೇಲೆ ಬೀಳುವುದು ಘೋರ ಅಪರಾಧದ ಕೇಸ್. ಜಾತಿ ದಾಟಿದ ಪ್ರೀತಿಯಾದರೆ ಠಾಣೆಗೆ ಹೋಗುವ ಅಪ್ಪಂದಿರಿಗೆ ಕೊರತೆಯಿಲ್ಲ. ಹದಿನಾರು ದಾಟಿದವರ ಇಂಥ ಪ್ರಕರಣಗಳನ್ನು ನೋಡಿಯೇ, ಒಪ್ಪಿಗೆಯ ವಯಸ್ಸಿನ ಬಗ್ಗೆ ಮರುಚಿಂತನೆ ಮಾಡಿ ಅಂತ ಕರ್ನಾಟಕ ಹೈಕೋರ್ಟ್ 2022ರ ನವೆಂಬರ್‌ನಲ್ಲಿ ಕಾನೂನು ಆಯೋಗಕ್ಕೆ ಹೇಳಿದ್ದು.

ಯಾರೋ ಬಡವರ ಮಕ್ಕಳನ್ನೇ ಹಿಡಿಯಬೇಕು ಅಂತ ಕೂತು ಈ ಕಾನೂನು ಬರೆದರು ಅಂತ ನಾನು ಹೇಳ್ತಿಲ್ಲ. ಕೊಲೆಯೂ ಘೋರ ಅಪರಾಧವೇ, ಅದನ್ನು ಶ್ರೀಮಂತರ ಮಕ್ಕಳೂ ಮಾಡಬಹುದು. ಆದರೆ ನಮ್ಮ ದಂಡ ಸಂಹಿತೆ ಬೀದಿಯ ಚಾಕುವಿಗೆ ಕನಿಷ್ಠ ಶಿಕ್ಷೆ ಇಟ್ಟಿದೆ, ಐಷಾರಾಮಿ ಕಾರಿನ ಸ್ಟಿಯರಿಂಗಿಗೆ ಇಟ್ಟಿಲ್ಲ. ಆ ಹಳೇ ಅಸಮಾನತೆಯನ್ನು ಮಕ್ಕಳ ಕಾನೂನು ಹಾಗೇ ಕಾಪಿ ಮಾಡಿಕೊಂಡಿದೆ.

ಯಾರೂ ವಯಸ್ಸು ಕೇಳದ ಮಕ್ಕಳು

ಅದೇ ಪುಣೆ, ವರ್ಷ 1994. ಒಂದೇ ಮನೆಯಲ್ಲಿ ಏಳು ಜನರ ಕೊಲೆ ನಡೆಯಿತು. ಸತ್ತವರಲ್ಲಿ ಮಕ್ಕಳೂ ಇದ್ದರು. ಆರೋಪಿಗಳಲ್ಲಿ ಒಬ್ಬ ರಾಜಸ್ಥಾನದಿಂದ ಬಂದ ಹುಡುಗ. ಅವನನ್ನು ವಯಸ್ಕ ಅಂತ ಬರೆದುಕೊಂಡು ವಿಚಾರಣೆ ಮಾಡಿ, 1998ರಲ್ಲಿ ಗಲ್ಲುಶಿಕ್ಷೆ ವಿಧಿಸಲಾಯಿತು. 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅವನ ಊರಿನ ಶಾಲಾ ದಾಖಲೆ ನೋಡಿ ಹೇಳಿತು: ಕೃತ್ಯ ನಡೆದಾಗ ಅವನಿಗೆ 12 ವರ್ಷ 6 ತಿಂಗಳು. ಅಷ್ಟೊತ್ತಿಗೆ ಅವನು ಜೈಲಿನಲ್ಲಿ 28 ವರ್ಷ ಕಳೆದಿದ್ದ, ಅದರಲ್ಲಿ ಬಹುಪಾಲು ಗಲ್ಲಿನ ನೆರಳಿನಲ್ಲಿ.

ಅವನು ತಪ್ಪಿತಸ್ಥ ಅಂತ ಕೋರ್ಟುಗಳು ತೀರ್ಮಾನಿಸಿದ್ದ ಅಪರಾಧ ಚಿಕ್ಕದಲ್ಲ, ಅದನ್ನು ಮರೆಯಬಾರದು. ಆದರೆ ಹನ್ನೆರಡರ ಹುಡುಗನನ್ನು ಗಲ್ಲಿಗೆ ಕಳಿಸಲು ಆಗಿನ ಕಾನೂನಿನಲ್ಲೂ ಅವಕಾಶ ಇರಲಿಲ್ಲ. ಒಂದೇ ಊರಿನ ಇಬ್ಬರು ಹುಡುಗರು. ಒಬ್ಬನ ವಯಸ್ಸು ಮೊದಲ ದಿನವೇ ಸಾಬೀತಾಗಿ ಜಾಮೀನು ಸಿಕ್ಕಿತು. ಇನ್ನೊಬ್ಬನ ವಯಸ್ಸು ಸಾಬೀತಾಗಲು ಮೂರು ದಶಕದ ಹತ್ತಿರ ಬೇಕಾಯಿತು. ನಡುವಿನ ವ್ಯತ್ಯಾಸ ಕಾನೂನಿನ ಪುಸ್ತಕದಲ್ಲಿ ಇಲ್ಲ. ಜನನ ಪ್ರಮಾಣಪತ್ರ, ಬೆಳಗಾಗುವಷ್ಟರಲ್ಲಿ ಎದ್ದು ಬರುವ ವಕೀಲ, ಫೋನ್ ಎತ್ತಿದರೆ ಮಾತಾಡುವ ಜನ, ಇವುಗಳಲ್ಲಿ ಇದೆ.

ಇದು ಎಲ್ಲೋ ಒಂದು ಅಪವಾದ ಅಂತ ತಳ್ಳಿಹಾಕುವಂತಿಲ್ಲ. ಐಪ್ರೊಬೊನೊ ಸಂಸ್ಥೆ ಮಾಹಿತಿ ಹಕ್ಕಿನಡಿ ಕಲೆಹಾಕಿದ ಲೆಕ್ಕದ ಪ್ರಕಾರ, 2016ರಿಂದ 2021ರವರೆಗಿನ ಆರು ವರ್ಷದಲ್ಲಿ ಕನಿಷ್ಠ 9,681 ಮಕ್ಕಳು ದೊಡ್ಡವರ ಜೈಲುಗಳಲ್ಲಿದ್ದರು. ಮಗುವನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಲೇಬಾರದು ಅಂತ ಕಾನೂನಿನ 10ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತಿದ್ದ ವರ್ಷಗಳಿವು. ಈ ವರದಿ ಹೊರಬಂದದ್ದೂ 2024ರ ಮೇ ತಿಂಗಳಲ್ಲೇ, ನಾವೆಲ್ಲ ಪ್ರಬಂಧದ ಮೀಮ್ ಹಂಚಿಕೊಳ್ಳುತ್ತಿದ್ದಾಗ.

ಹಾಗಾಗಿ 'ಮಕ್ಕಳ ಕಾನೂನು ತುಂಬಾ ಮೆತ್ತಗಿದೆ' ಅನ್ನುವ ಮಾತು ಅರ್ಧ ಸತ್ಯವೂ ಅಲ್ಲ. ಕೆಲವರಿಗೆ ಅದು ಮೆತ್ತಗಿದೆ. ಉಳಿದವರಿಗೆ ಅದು ತಲುಪಿಯೇ ಇಲ್ಲ.

ಸಿಕ್ಕಿಬೀಳುವ ಹೆಗಲು

ಇನ್ನೊಂದು ವಿಷಯ ನಮ್ಮ ಚರ್ಚೆಯಲ್ಲಿ ಬರುವುದೇ ಕಡಿಮೆ. ಪುಣೆಯಲ್ಲಿ ಹುಡುಗನ ರಕ್ತದ ಮಾದರಿಯನ್ನು ಎಸೆದು ತಾಯಿಯ ರಕ್ತ ಇಟ್ಟರು ಅನ್ನುವ ಆರೋಪದಲ್ಲಿ ತಂದೆ, ತಾಯಿ, ಸರ್ಕಾರಿ ಆಸ್ಪತ್ರೆಯ ವೈದ್ಯರು ಬಂಧನಕ್ಕೊಳಗಾದರು. 'ಗಾಡಿ ಓಡಿಸಿದ್ದು ನಾನೇ ಅಂತ ಒಪ್ಪಿಕೋ' ಅಂತ ಮನೆಯ ಡ್ರೈವರ್ ಮೇಲೆ ಒತ್ತಡ ಹಾಕಿದರು ಅನ್ನುವ ಆರೋಪವೂ ಇದೆ.

2017ರ ಸೆಪ್ಟೆಂಬರ್‌ನಲ್ಲಿ ಗುರುಗ್ರಾಮದ ದುಬಾರಿ ಶಾಲೆಯೊಂದರಲ್ಲಿ ಏಳು ವರ್ಷದ ಮಗುವಿನ ಕೊಲೆಯಾಯಿತು. ಪೊಲೀಸರು ಅಂದೇ ಬಸ್ ಕಂಡಕ್ಟರನ್ನು ಹಿಡಿದು, ತಪ್ಪೊಪ್ಪಿಕೊಂಡಿದ್ದಾನೆ ಅಂದರು. ನವೆಂಬರ್‌ನಲ್ಲಿ ಸಿಬಿಐ ಅದೇ ಶಾಲೆಯ ಹನ್ನೊಂದನೇ ತರಗತಿಯ ಹುಡುಗನನ್ನು ವಶಕ್ಕೆ ಪಡೆಯಿತು. ಕಂಡಕ್ಟರ್ ಆರೋಪಮುಕ್ತನಾದ, ಎರಡು ತಿಂಗಳಿಗೂ ಹೆಚ್ಚು ಜೈಲಿನಲ್ಲಿದ್ದು ಬಂದ ಮೇಲೆ. ಒಂದು ಕಡೆ ಡ್ರೈವರ್, ಇನ್ನೊಂದು ಕಡೆ ಕಂಡಕ್ಟರ್. ಉಳ್ಳವರ ಮಕ್ಕಳ ಕಡೆ ಬೆರಳು ತಿರುಗುವ ಮೊದಲು ಹೊಣೆ ಹೊರಲು ಒಂದು ಬಡ ಹೆಗಲು ಹುಡುಕಲಾಗುತ್ತದೆ. ವಯಸ್ಸಿನ ಮಿತಿಯನ್ನು ಹದಿನಾರಕ್ಕಲ್ಲ, ಹತ್ತಕ್ಕೆ ಇಳಿಸಿದರೂ ಈ ಕಾಯಿಲೆಗೆ ಮದ್ದಾಗುವುದಿಲ್ಲ.

ಗುರುಗ್ರಾಮದ ಪ್ರಕರಣ ಇನ್ನೊಂದು ಪಾಠವನ್ನೂ ಹೇಳುತ್ತೆ. ಆ ವಿದ್ಯಾರ್ಥಿಯನ್ನು ವಯಸ್ಕನಂತೆ ವಿಚಾರಿಸಬೇಕೋ ಬೇಡವೋ ಅನ್ನುವ ಪ್ರಶ್ನೆಯೇ 2022ರ ಜುಲೈವರೆಗೆ ಸುಪ್ರೀಂ ಕೋರ್ಟಿನಲ್ಲಿತ್ತು. ಆಗಲೂ ಕೋರ್ಟ್ ಹೇಳಿದ್ದು, ಮಗುವಿನ ಮನಸ್ಸನ್ನು ಅಳೆಯುವುದು ಸೂಕ್ಷ್ಮ ಕೆಲಸ, ಅದಕ್ಕೆ ತಜ್ಞರೂ ಮಾರ್ಗಸೂಚಿಯೂ ಬೇಕು ಅಂತ. ಮಗುವನ್ನು ಕಳೆದುಕೊಂಡ ಕುಟುಂಬ ಐದು ವರ್ಷದ ಹತ್ತಿರ ಕಾದದ್ದು ನ್ಯಾಯಕ್ಕಲ್ಲ, ಯಾವ ಬಾಗಿಲಿನಿಂದ ಒಳಗೆ ಹೋಗಬೇಕು ಅನ್ನುವುದಕ್ಕೆ.

ಹಾಗಾದರೆ ಹೊಣೆ ಯಾರದು?

'ಹದಿನೇಳರ ಹುಡುಗನಿಗೆ ಕುಡಿದು ಗಾಡಿ ಓಡಿಸಬಾರದು ಅಂತ ಗೊತ್ತಿರಲ್ವಾ?' ಗೊತ್ತಿರುತ್ತೆ. ಇದು ನ್ಯಾಯವಾದ ಪ್ರಶ್ನೆ, ಇದನ್ನು ಮೆದುಳಿನ ಬೆಳವಣಿಗೆಯ ಪಾಠ ಹೇಳಿ ಬದಿಗೆ ಸರಿಸಬಾರದು. ಗೊತ್ತಿದ್ದೂ ಮಾಡಿದವನಿಗೆ ಹೊಣೆ ಇರಲೇಬೇಕು. ಆದರೆ ಹೊಣೆ ಅಂದರೆ ದೊಡ್ಡವರ ಜೈಲು ಮಾತ್ರ ಅಂತ ಯಾಕೆ ಅಂದುಕೊಂಡಿದ್ದೇವೆ? ಹದಿಹರೆಯದವರನ್ನು ವಯಸ್ಕರ ಕೋರ್ಟಿಗೆ ಕಳಿಸುವ ಪ್ರಯೋಗವನ್ನು ಅಮೆರಿಕ ನಮಗಿಂತ ಮೊದಲೇ ಮಾಡಿತು. ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ತಜ್ಞರ ತಂಡ 2007ರಲ್ಲಿ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ ಕಂಡದ್ದು, ಹಾಗೆ ಹೋಗಿಬಂದವರು ಮತ್ತೆ ಹಿಂಸೆಗಿಳಿಯುವುದು ಹೆಚ್ಚು ಅಂತ.

ನಮ್ಮ ಕಾನೂನಿನಲ್ಲೇ ಇರುವುದನ್ನು ನೋಡಿ. ಮಂಡಳಿ ಮೂರು ವರ್ಷದವರೆಗೆ ವಿಶೇಷ ಗೃಹಕ್ಕೆ ಕಳಿಸಬಹುದು, ಸಮುದಾಯ ಸೇವೆ ಮಾಡಿಸಬಹುದು, ಪೋಷಕರಿಗೆ ದಂಡ ಹಾಕಬಹುದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ, ಅಪ್ರಾಪ್ತರ ಕೈಗೆ ಗಾಡಿ ಸಿಕ್ಕು ಅಪರಾಧವಾದರೆ ಪೋಷಕರಿಗೋ ಮಾಲೀಕರಿಗೋ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ತುಂಬುವವರೆಗೂ ಲೈಸೆನ್ಸ್ ಇಲ್ಲ. ಸಾಕ್ಷ್ಯ ತಿರುಚಿದ ವಯಸ್ಕರಿಗೆ ವಯಸ್ಕರ ಕಾನೂನೇ ಇದೆ. ಹೊಣೆಯ ಸರಪಳಿ ಎಲ್ಲಿಯೂ ತುಂಡಾಗಿಲ್ಲ, ಅದನ್ನು ಎಳೆಯುವವರು ಬೇಕು.

ಎಳೆಯಬೇಕಾದವರ ಸ್ಥಿತಿ ಹೇಗಿದೆ? ಇಂಡಿಯಾ ಜಸ್ಟೀಸ್ ರಿಪೋರ್ಟ್ 2025ರ ನವೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2023ರ ಅಕ್ಟೋಬರ್ ಕೊನೆಗೆ 362 ಬಾಲ ನ್ಯಾಯ ಮಂಡಳಿಗಳ ಮುಂದಿದ್ದ ಪ್ರಕರಣಗಳಲ್ಲಿ 55% ಬಾಕಿ ಇದ್ದವು. ಸುಮಾರು ಕಾಲು ಭಾಗ ಮಂಡಳಿಗಳಲ್ಲಿ ಇರಬೇಕಾದಷ್ಟು ಸದಸ್ಯರೇ ಇಲ್ಲ. ಕರ್ನಾಟಕದ ಬಾಕಿ 35%, ಉಳಿದ ರಾಜ್ಯಗಳಿಗಿಂತ ವಾಸಿ. ಆದರೂ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಅಂತಲೇ ಅರ್ಥ. ಒಂದೊಂದು ಬಾಕಿ ಪ್ರಕರಣದ ಹಿಂದೆ ಕಾಯುತ್ತಿರುವ ಒಂದು ಮಗು ಇದೆ, ಬಹಳಷ್ಟರ ಹಿಂದೆ ನೊಂದ ಇನ್ನೊಂದು ಮನೆಯೂ ಇದೆ.

ಹಾಗೆ ನೋಡಿದರೆ ಆ 300 ಪದಗಳ ಪ್ರಬಂಧದಲ್ಲಿ ನಮ್ಮನ್ನು ಕೆಣಕಿದ್ದು ಅದರ ಮೃದುತ್ವ ಅಲ್ಲ. ಅದರಲ್ಲಿ ಸತ್ತವರೇ ಇರಲಿಲ್ಲ. ಇಬ್ಬರು ತಂದೆ-ತಾಯಂದಿರ ಎದುರು ನಿಂತು 'ಇದು ನನ್ನಿಂದ ಆಯಿತು' ಅಂತ ಹೇಳಿಸುವ ಜಾಗವೇ ಆ ವ್ಯವಸ್ಥೆಯಲ್ಲಿ ಇರಲಿಲ್ಲ.

ಪೋರ್ಷೆ ಹುಡುಗನಿಗೆ ಸಿಕ್ಕಿದ ರಕ್ಷಣೆಯನ್ನು ಕಿತ್ತುಕೊಳ್ಳಬೇಕು ಅಂತ ನಾವು ಕೂಗಿದರೆ ಆಗುವುದಿಷ್ಟೇ: ಕಾನೂನು ಇನ್ನಷ್ಟು ಬಿಗಿಯಾಗುತ್ತೆ, ಒಳ್ಳೆಯ ವಕೀಲರಿರುವವನು ಆ ಬಿಗಿಯಿಂದಲೂ ಜಾರಿಕೊಳ್ಳುತ್ತಾನೆ, ಚಾಕು ತೋರಿಸಿದ ಹುಡುಗ ಒಳಗೆ ಹೋಗುತ್ತಾನೆ. ಅದರ ಬದಲು ಕೇಳಬೇಕಾದ ಪ್ರಶ್ನೆಗಳು ನಿಮ್ಮ ಜಿಲ್ಲೆಯಲ್ಲೇ ಇವೆ. ಬಾಲ ನ್ಯಾಯ ಮಂಡಳಿಯಲ್ಲಿ ಸದಸ್ಯರು ಭರ್ತಿ ಇದ್ದಾರಾ? ಎಷ್ಟು ಪ್ರಕರಣ ಬಾಕಿ ಇವೆ? ನಿಮ್ಮೂರಿನ ಜೈಲಿನಲ್ಲಿ ಹದಿನೆಂಟು ತುಂಬದ ಯಾರಾದರೂ ಇದ್ದಾರಾ ಅಂತ ಕೊನೆಯ ಸಲ ಪರಿಶೀಲಿಸಿದ್ದು ಯಾವಾಗ? ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. 9,681 ಅನ್ನುವ ಸಂಖ್ಯೆ ಹೊರಬಂದದ್ದೂ ಅಂಥ ಅರ್ಜಿಗಳಿಂದಲೇ.