ವೈದ್ಯಕೀಯ ಪ್ರವೇಶದ ತಕ್ಕಡಿ

ಇಂಜಿನಿಯರಿಂಗ್ ಪ್ರವೇಶಕ್ಕೆ ನಮ್ಮ ಸರಕಾರವು ಪಿಯುಸಿಯ ಅಂಕಗಳನ್ನೂ ಸಿಇಟಿಯ ಅಂಕಗಳನ್ನೂ ಸಮನಾಗಿ ತೂಗುತ್ತದೆ. ವೈದ್ಯಕೀಯಕ್ಕೆ ಹಾಗಲ್ಲ, ಅಲ್ಲಿ ನೀಟ್ ಪರೀಕ್ಷೆಯ 720 ಅಂಕಗಳೇ ಸರ್ವಸ್ವ, ಪಿಯುಸಿಯು ಬರಿಯ ಹೊಸ್ತಿಲು. ಎರಡು ವರುಷಗಳ ವ್ಯಾಸಂಗವನ್ನು ಒಂದು ಮಧ್ಯಾಹ್ನದ ಪರೀಕ್ಷೆಯು ನುಂಗಿಬಿಡುವುದು ನ್ಯಾಯವೇ?

ಬೆಳಗಾವಿಯಲ್ಲಿ ಹಣ ತೆತ್ತು ತರಬೇತಿ ಹೊಂದುವವನಿಗೂ ಖಾನಾಪುರದ ಕಾಡಂಚಿನ ಹಳ್ಳಿಯ ಬಡ ವಿದ್ಯಾರ್ಥಿನಿಗೂ ಪ್ರಶ್ನಪತ್ರಿಕೆ ಒಂದೇ, ಸಿದ್ಧತೆ ಒಂದಲ್ಲ. ಗ್ರಾಮೀಣರಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಾತಿಯುಂಟು, ನಿಜ. ಆದರೆ ಆ ಸ್ಥಾನಗಳನ್ನೂ ನೀಟ್ ಅಂಕಗಳೇ ಹಂಚುತ್ತವೆ.

2024ರ ಜುಲೈಯಲ್ಲಿ ನಮ್ಮ ವಿಧಾನಮಂಡಲವು ನೀಟ್ ವಿರುದ್ಧ ನಿರ್ಣಯ ಅಂಗೀಕರಿಸಿತು, ಅದು ಯೋಗ್ಯವೇ. ಇನ್ನು ದಿಲ್ಲಿಯ ದಾರಿ ಕಾಯುತ್ತ ಕೂಡ್ರದೆ, ಖಾನಾಪುರದ ಸರಕಾರಿ ಕಾಲೇಜಿನಲ್ಲಿಯೇ ಆ ಪರೀಕ್ಷೆಗೆ ಸಾಲುವಷ್ಟು ಪಾಠ ದೊರೆಯುವಂತೆ ಈ ವರುಷವೇ ಏರ್ಪಡಿಸಬೇಕೆಂದು ನಾವು ಸರಕಾರವನ್ನು ಒತ್ತಾಯಪಡಿಸುತ್ತೇವೆ.